ಗೇನ್ ಒಂದೂವರೆ ದಾಟಿದ್ರೆ ಬರೀ ಗರಗಸ: ನಾಲ್ಕು ಹಂತದ ಟ್ಯೂಬ್ ಆಂಪ್ ಪಳಗಿಸೋದು ಹೇಗೆ?

ರತ್ನಗಿರಿ ರಿಫ್, ಚಿಕ್ಕಮಗಳೂರು
ಗಿಟಾರಿನ 50 ವ್ಯಾಟ್ ಹೆಡ್ (ಸ್ಪೀಕರ್ ಬೇರೆ ಇರೋ ಆಂಪ್). ಎರಡು ಇಎಲ್34 ಪವರ್ ಟ್ಯೂಬ್, ನಾಲ್ಕು 12ಎಎಕ್ಸ್7 ಚಿಕ್ಕ ಟ್ಯೂಬ್. ಸರ್ಕ್ಯೂಟ್ ಮಾರ್ಷಲ್ ಕಂಪನಿಯ 2203 ಆಂಪಿನ ಜಾಡಿನದ್ದೇ, ಆದರೆ ಮಧ್ಯೆ ಸಿಗ್ನಲ್ ಹಿಗ್ಗಿಸೋ ಒಂದು ಹಂತ ಜಾಸ್ತಿ ಸೇರಿಸಿ ಕಟ್ಟಿದ್ದಾರೆ. ಬೋರ್ಡಿನಲ್ಲಿ ಕಂಡದ್ದು ಇಷ್ಟು (ಕೆ ಅಂದ್ರೆ ಕಿಲೋಓಮ್, ಎಂ ಅಂದ್ರೆ ಮೆಗಾಓಮ್; ಟ್ಯೂಬಿನಲ್ಲಿ ಸಿಗ್ನಲ್ ಗ್ರಿಡ್ಡಿಗೆ ಹೋಗಿ ಪ್ಲೇಟಿಂದ ಹೊರಬರುತ್ತೆ, ಮೂರನೇ ಕಾಲು ಕ್ಯಾಥೋಡ್):

ಮೊದಲ ಹಂತ: ಪ್ಲೇಟ್ 100ಕೆ, ಕ್ಯಾಥೋಡ್ 2.7ಕೆ, ಅದಕ್ಕೆ 0.68 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್. ಆಮೇಲೆ 1ಎಂ ಗೇನ್ ಪಾಟ್, ಅದರ ಮೇಲೆ 1000 ಪಿಎಫ್ ಬ್ರೈಟ್ ಕೆಪಾಸಿಟರ್.
ಎರಡನೇ ಹಂತ, ಅಂದ್ರೆ ಆ ಹೆಚ್ಚುವರಿ: 100ಕೆ, 1.5ಕೆ, 1 ಮೈಕ್ರೋಫ್ಯಾರಡ್. ಅಲ್ಲಿಂದ 0.022 ಕಪ್ಲಿಂಗ್, ನೇರ ಮುಂದಿನ ಗ್ರಿಡ್ಡಿಗೆ, 1ಎಂ ನೆಲಕ್ಕೆ.
ಮೂರನೇ ಹಂತ: ಕ್ಯಾಥೋಡ್ 10ಕೆ, ಬೈಪಾಸ್ ಇಲ್ಲ. ನಂತರ 470ಕೆ/470ಕೆ.
ನಾಲ್ಕನೇದು: 820 ಓಮ್, ಅಲ್ಲಿಂದ ಕ್ಯಾಥೋಡ್ ಫಾಲೋವರ್ (ಹಿಗ್ಗಿಸದೆ ಸಿಗ್ನಲ್ ಮುಂದಕ್ಕೆ ತಳ್ಳೋ ಟ್ಯೂಬ್), ಟೋನ್ ಸ್ಟ್ಯಾಕ್ (ಬೇಸ್–ಟ್ರೆಬಲ್ ಗುಂಡಿಗಳು), ಮಾಸ್ಟರ್ ವಾಲ್ಯೂಮ್.

ಗೇನ್ 1ರಲ್ಲಿ ತೆಳ್ಳಗೆ ಕಿರಿಕಿರಿ, ಒಂದೂವರೆ ಹೊತ್ತಿಗೆ ಪೂರ್ತಿ ಗರಗಸ, 7ರ ಮೇಲೆ ಶಿಳ್ಳೆ. ಗಿಟಾರ್ ವಾಲ್ಯೂಮ್ ಇಳಿಸಿದ್ರೂ ಕ್ಲೀನ್ ಆಗಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಕ್ಲೀನ್ ರಿದಮ್ ಬೇಕು, ಲೀಡ್‌ಗೆ ಸ್ವಲ್ಪ ಕಡಿಯೋ ಸದ್ದೂ ಉಳೀಬೇಕು. ಎಲ್ಲಿ ಕೈ ಹಾಕೋದು?

ಹಾಸನ ಹಮ್‌ಬಕರ್
ಮೊದಲ ಟ್ಯೂಬ್ ತೆಗೆದು 12ಎವೈ7 ಹಾಕಿ ಗುರು. ಬೆಸುಗೆ ಇಲ್ಲ, ತಲೆನೋವಿಲ್ಲ. ಮುಗೀತು.

ಮೂಡಿಗೆರೆ ಮೊನೊ
ಪಿಕಪ್ ಎತ್ತರ ಇಳಿಸಿ ನೋಡಿದ್ರಾ? ತಂತಿಗೂ ಹಮ್‌ಬಕರ್ ಪಿಕಪ್ಪಿಗೂ 2 ಮಿಲಿಮೀಟರ್ ಇರೋದನ್ನ 4 ಮಾಡಿ. ಸ್ಕ್ರೂಡ್ರೈವರ್ ಸಾಕು.

ಬೆಸುಗೆ ಬಸವ, ಹಾಸನ
ಎರಡೂ ಮಾಡಬಹುದು, ಆದರೆ ಲೆಕ್ಕ ಹಾಕಿದ್ರೆ ಸಾಲಲ್ಲ.

12ಎಎಕ್ಸ್7ಗೆ ಮ್ಯೂ (ಟ್ಯೂಬ್ ಹೆಚ್ಚೆಂದ್ರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನೋ ಅಂಕಿ) 100, ಒಳರೋಧ 62.5ಕೆ. 100ಕೆ ಪ್ಲೇಟ್, ಕ್ಯಾಥೋಡ್ ಬೈಪಾಸ್ ಇದ್ರೆ ಒಂದು ಹಂತಕ್ಕೆ ಸುಮಾರು 60 ಪಟ್ಟು. 12ಎವೈ7ಗೆ ಮ್ಯೂ 44, ಅದೇ ಜಾಗದಲ್ಲಿ ಸುಮಾರು 35 ಪಟ್ಟು. ಹಂತಕ್ಕೆ 5 ಡಿಬಿ (ಡೆಸಿಬಲ್; 6 ಡಿಬಿ ಇಳಿದ್ರೆ ವೋಲ್ಟೇಜ್ ಅರ್ಧ) ಇಳೀತು, ಒಂದು ಟ್ಯೂಬಿನಲ್ಲಿ ಎರಡು ಹಂತ, ಒಟ್ಟು 10 ಡಿಬಿ. 5751 ಹಾಕಿದ್ರೆ ಎರಡೂ ಸೇರಿ 6 ಡಿಬಿ.

ಈಗ ಇವರ ಆಂಪ್ ನೋಡಿ. ಗಿಟಾರಿಂದ 100 ಮಿಲಿವೋಲ್ಟ್ ಬಂತು ಅಂದ್ಕೊಳ್ಳಿ. ಮೊದಲ ಹಂತ ದಾಟಿದಾಗ 6 ವೋಲ್ಟ್. ಗೇನ್ ಪಾಟ್ ಶೇ 15 ಬಿಟ್ಟರೆ 0.9 ವೋಲ್ಟ್. ಮೂಲ 2203ರಲ್ಲಿ ಈ 0.9 ವೋಲ್ಟ್ ನೇರ 10ಕೆ ಹಂತಕ್ಕೆ ಹೋಗುತ್ತೆ, ಅದು ತಡ್ಕೊಳ್ಳುತ್ತೆ. ಇಲ್ಲಿ ಮಧ್ಯೆ ಇನ್ನೊಂದು 60 ಪಟ್ಟು ಕೂತಿದೆ. 50 ವೋಲ್ಟಿಗೂ ಮೇಲೆ ಹೋಗಿ ಮೂರನೇ ಗ್ರಿಡ್ಡಿಗೆ ಬಡೀತಿದೆ. ಆ ಗ್ರಿಡ್ ತಡೆಯೋದು ಮೂರ್ನಾಲ್ಕು ವೋಲ್ಟ್. 10 ಡಿಬಿ ಇಳಿಸಿದ್ರೆ ಕಾವೇರಿಯಿಂದ ಚೊಂಬು ನೀರು ತೆಗೆದ ಹಾಗೆ.

ಆ ಹೆಚ್ಚುವರಿ ಹಂತ ಕೊಡ್ತಿರೋದು ಸುಮಾರು 36 ಡಿಬಿ. ಅದರಲ್ಲಿ 20ರಿಂದ 25 ಡಿಬಿ ತಿನ್ನಬೇಕು, ಅದೂ ಎರಡನೇ ಮತ್ತು ಮೂರನೇ ಹಂತದ ನಡುವೆ.

ಹಾಸನ ಹಮ್‌ಬಕರ್
ಹಾಗಾದ್ರೆ 12ಎಯು7 ಹಾಕ್ಲಿ. ಮ್ಯೂ 20ರ ಒಳಗೆ. ಹಂತಕ್ಕೆ 15 ಪಟ್ಟು ಅಂದ್ರೂ 12 ಡಿಬಿ ಇಳೀತು, ಎರಡಕ್ಕೆ 24. ನಿಮ್ಮ ಲೆಕ್ಕವೇ ಸರಿಹೋಯ್ತಲ್ಲ ಸಾರ್ 😄

ಬೆಸುಗೆ ಬಸವ
ಒಪ್ಪಿದೆ, ಅಂಕಿ ಸರಿ. ಪರೀಕ್ಷೆಗೆ ಅದು ತುಂಬಾ ಒಳ್ಳೇ ದಾರಿ: ಅರ್ಧ ಗಂಟೆ ನುಡಿಸಿ ನೋಡಿ, ಇಷ್ಟು ಇಳಿದ್ರೆ ಸಾಕಾ ಅಂತ ತಿಳಿಯುತ್ತೆ. ಕಾಯಂ ಬಿಡೋಕೆ ನನ್ನ ತಕರಾರು ಒಂದೇ. ಅರ್ಧ ಕಡಿತ ಮೊದಲ ಹಂತದಲ್ಲೇ ಆಗುತ್ತೆ. ಸಿಗ್ನಲ್ ಅಲ್ಲೇ ಚಿಕ್ಕದಾದ್ರೆ ಮುಂದಿನ ಹಂತಗಳ ಬುಸ್ ಸದ್ದು ಅದರ ಎದುರು ದೊಡ್ಡದಾಗಿ ಕೇಳುತ್ತೆ. ಮೊದಲ ಹಂತ ಗಟ್ಟಿಯಾಗಿರಲಿ, ಆಮೇಲೆ ಇಳಿಸಿ. ಆಗ ಸಿಗ್ನಲ್ ಜೊತೆ ಬುಸ್ಸೂ ಇಳಿಯುತ್ತೆ.

ಓಮ್ ನಮೋ
12ಎಟಿ7 ಹಾಕಿ ಅಂತ ಯಾರೂ ಹೇಳೋ ಮೊದಲೇ ಹೇಳ್ತೀನಿ: ಮ್ಯೂ 60 ಅಂತ ಚೀಟಿಯಲ್ಲಿದ್ರೂ ಅದು ಹೆಚ್ಚು ಕರೆಂಟಿಗೆ ಮಾಡಿದ ಟ್ಯೂಬ್. 100ಕೆ ಪ್ಲೇಟಿಗೆ ಅದರ ಬಯಾಸ್ ಸರಿಯಾಗಿ ಕೂರಲ್ಲ. ಫೇಸ್ ಇನ್ವರ್ಟರಿಗೆ (ಪವರ್ ಟ್ಯೂಬುಗಳಿಗೆ ಸಿಗ್ನಲ್ ಹಂಚೋ ಟ್ಯೂಬ್) ಹಾಕಿದ್ರೆ ಪವರ್ ಟ್ಯೂಬಿಗೆ ಹೋಗೋ ಒತ್ತಡ ಕಮ್ಮಿ ಆಗುತ್ತೆ, ಪ್ರಿಆಂಪಿನ ಗರಗಸ ಹಾಗೇ ಇರುತ್ತೆ.

ಇನ್ನೊಂದು. ಕ್ಯಾಥೋಡ್ ಫಾಲೋವರ್ ಇರೋ ಜಾಗಕ್ಕೆ 12ಎಟಿ7, 12ಎವೈ7 ಎರಡೂ ಬೇಡ. ಅಲ್ಲಿ ಕ್ಯಾಥೋಡ್ 150 ವೋಲ್ಟಿನ ಮೇಲೆ ಕೂತಿರುತ್ತೆ. ಈ ಎರಡರ ಹೀಟರ್–ಕ್ಯಾಥೋಡ್ ಮಿತಿ 90 ವೋಲ್ಟ್, 12ಎಎಕ್ಸ್7ದ್ದು 180.

ಬೇಲೂರು ಬಾಸು
ಎಫೆಕ್ಟ್ಸ್ ಲೂಪಿನಲ್ಲಿ (ಪ್ರಿಆಂಪ್ ಆದ ಮೇಲಿನ ಜ್ಯಾಕ್) ಒಂದು ವಾಲ್ಯೂಮ್ ಡಬ್ಬಿ ಹಾಕಿದ್ರೆ?

ಓಮ್ ನಮೋ
ಸದ್ದು ಕಮ್ಮಿ ಆಗುತ್ತೆ, ಒಡೆಯೋದು ಕಮ್ಮಿ ಆಗಲ್ಲ. ಹಾಲು ಒಡೆದ ಮೇಲೆ ಲೋಟ ಚಿಕ್ಕದು ಮಾಡಿ ಏನು ಪ್ರಯೋಜನ.

ಹೇಮಾವತಿ ಹರ್ಟ್ಸ್, ಸಕಲೇಶಪುರ
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಒಂದೂವರೆಗೆ ಪೂರ್ತಿ ಅಂದ್ರೆ ಗೇನ್ ಪಾಟ್ ಲೀನಿಯರ್ ಇರೋ ಗುಮಾನಿ. ಲೀನಿಯರ್ ಪಾಟು 10ರಲ್ಲಿ ಒಂದೂವರೆಗೆ ತಿರುಗಿಸಿದಾಗಲೇ ಶೇ 15 ಬಿಟ್ಟುಬಿಡುತ್ತೆ. ಲಾಗ್ ಪಾಟು ಅಷ್ಟು ಬಿಡೋದು 5ರ ಹತ್ತಿರ.

ಆಂಪ್ ಆಫ್ ಮಾಡಿ, ಚಾರ್ಜ್ ಇಳಿಸಿ, ಪಾಟಿನ ಒಂದು ತಂತಿ ಬಿಡಿಸಿ. ಗುಂಡಿ ನಡುವೆ ನಿಲ್ಲಿಸಿ ನೆಲದ ಕಾಲಿಗೂ ಮಧ್ಯದ ಕಾಲಿಗೂ ಅಳೆಯಿರಿ. 500ಕೆ ಬಂದ್ರೆ ಲೀನಿಯರ್, 100ರಿಂದ 150ಕೆ ಬಂದ್ರೆ ಲಾಗ್. ಹಿಂದೆ ಮುದ್ರೆ ಇದ್ರೆ ಈಗಿನ ಪಾಟುಗಳಲ್ಲಿ 'ಎ' ಅಂದ್ರೆ ಲಾಗ್, 'ಬಿ' ಅಂದ್ರೆ ಲೀನಿಯರ್. ಹಳೇ ಯುರೋಪಿನ ಮಾಲಿಗೆ ಇದು ಉಲ್ಟಾ, ಅದಕ್ಕೇ ಮೀಟರ್ ನಂಬಿ.

ಲಾಗ್ ಸಿಗದಿದ್ರೆ ಮಧ್ಯದ ಕಾಲಿಂದ ನೆಲಕ್ಕೆ 150ಕೆ ಕೊಡಿ. ಅರ್ಧ ತಿರುವಿನಲ್ಲಿ ಶೇ 50ರ ಬದಲು ಶೇ 19ರ ಆಸುಪಾಸು ಬರುತ್ತೆ. ಪೂರ್ತಿ ಏರಿಸಿದಾಗ ಮೊದಲ ಹಂತಕ್ಕೆ ಹೊರೆ ಬಿದ್ದು ಸುಮಾರು 2 ಡಿಬಿ ಹೋಗುತ್ತೆ, ಈ ಆಂಪಿಗೆ ಅದು ಲಾಭವೇ.

ಮತ್ತೆ ಆ 1000 ಪಿಎಫ್. ಗುಂಡಿ 1ರಲ್ಲಿ ಇದ್ದಾಗ ಮೇಲ್ಭಾಗದ 900ಕೆಯನ್ನ ಅದು 180 ಹರ್ಟ್ಸ್‌ನಿಂದಲೇ ದಾಟಿಸೋಕೆ ಶುರು ಮಾಡುತ್ತೆ. ಎರಡು ಕಿಲೋಹರ್ಟ್ಸ್ ಹೊತ್ತಿಗೆ ಪಾಟ್ ಇಲ್ಲವೇನೋ ಅನ್ನೋ ಹಾಗೆ ಟ್ರೆಬಲ್ ಬಹುಪಾಲು ಹಾಯುತ್ತೆ. ನೀವು ಹೇಳಿದ ತೆಳ್ಳಗಿನ ಕಿರಿಕಿರಿ ಅದೇ. ಒಂದು ಕಾಲು ಎತ್ತಿ. ಮಂಕು ಅನ್ಸಿದ್ರೆ 100 ಪಿಎಫ್ ಹಾಕಿ.

ರತ್ನಗಿರಿ ರಿಫ್
ಅಕ್ಕಾ, ಮುದ್ರೆ 'ಬಿ1ಎಂ'. ಅಳೆದ್ರೆ ನಡುವೆ 490ಕೆ. ಲೀನಿಯರ್ರೇ.

ಮೂಡಿಗೆರೆ ಮೊನೊ
ಅರ್ಧ ಕಾಯಿಲೆ ಸಿಕ್ತು ಮಾರಾಯ್ರೆ.

ಬೆಸುಗೆ ಬಸವ
ಹೇಮಾವತಿ ಮೇಡಂ ಸರಿಯಾಗಿ ಹಿಡಿದ್ರು. ಆದರೆ ಪಾಟ್ ಬದಲಾಯಿಸಿದ್ರೆ ಗುಂಡಿ ಹದ್ದುಬಸ್ತಿಗೆ ಬರುತ್ತೆ ಅಷ್ಟೇ, ಗರಿಷ್ಠ ಗೇನ್ ಹಾಗೇ ಇರುತ್ತೆ, ಶಿಳ್ಳೆಯೂ ಇರುತ್ತೆ. ಈಗ ಒಳಗಿನ ಕೆಲಸ.

ಒಂದು: ಎರಡನೇ ಹಂತದ 1 ಮೈಕ್ರೋಫ್ಯಾರಡ್ ಬೈಪಾಸಿನ ಒಂದು ಕಾಲು ಎತ್ತಿ. 61 ಪಟ್ಟು ಇದ್ದದ್ದು 32 ಆಗುತ್ತೆ. ಹೆಚ್ಚೂಕಮ್ಮಿ 6 ಡಿಬಿ. ಅಷ್ಟೂ ಬೇಡ ಅಂದ್ರೆ ಕೆಪಾಸಿಟರ್ ಸರಣಿಯಲ್ಲಿ 1ಕೆ ಹಾಕಿ, 45 ಪಟ್ಟಿಗೆ ನಿಲ್ಲುತ್ತೆ.

ಎರಡು: 0.022 ಕಪ್ಲಿಂಗ್ ಆದ ಮೇಲೆ ಗ್ರಿಡ್ಡಿಗೆ ಹೋಗೋ ತಂತಿಯಲ್ಲಿ 470ಕೆ ಸರಣಿಗೆ. ನೆಲಕ್ಕಿರೋ 1ಎಂ ತೆಗೆದು ಅಲ್ಲಿ 100ಕೆ. ಇದು 15 ಡಿಬಿ. ಇನ್ನೂ ಬೇಕಾದ್ರೆ 100ಕೆ ಬದಲು 47ಕೆ, ಆಗ 21 ಡಿಬಿ. ಬೆಲೆ ಊಹೆ ಮಾಡೋ ಬದಲು ತಾತ್ಕಾಲಿಕವಾಗಿ 250ಕೆ ಪಾಟನ್ನೇ ನೆಲದ ಕಡೆ ಹಾಕಿ ನುಡಿಸುತ್ತಾ ತಿರುಗಿಸಿ. ಕಿವಿಗೆ ಒಪ್ಪಿದಲ್ಲಿ ನಿಲ್ಲಿಸಿ, ಆಫ್ ಮಾಡಿ ಅಳೆದು ಹತ್ತಿರದ ಬೆಲೆಯ ರೆಸಿಸ್ಟರ್ ಕೂರಿಸಿ. ಪಾಟ್ ಕಪ್ಲಿಂಗ್ ಕೆಪಾಸಿಟರಿನ ಆಚೆಗೇ ಇರಬೇಕು. ಪ್ಲೇಟಿನ ಕಡೆ ಹಾಕಿದ್ರೆ 200 ವೋಲ್ಟ್ ನಿಮ್ಮ ಬೆರಳಿನ ಹತ್ತಿರ.

ಇದರಿಂದ ಇನ್ನೊಂದು ಲಾಭ. ಈಗ ಜೋರಾಗಿ ಹೊಡೆದಾಗ ಮೂರನೇ ಗ್ರಿಡ್ ಕರೆಂಟ್ ಎಳೆದು ಆ 0.022 ಕೆಪಾಸಿಟರಿಗೆ ಚಾರ್ಜ್ ತುಂಬುತ್ತೆ. 1ಎಂ ಮೂಲಕ ಅದು ಇಳಿಯೋಕೆ 22 ಮಿಲಿಸೆಕೆಂಡಿನ ಕಾಲಾಂಕ, ಅಷ್ಟರಲ್ಲಿ ಸದ್ದು ಉಸಿರುಕಟ್ಟಿ 'ಬ್ವಾಕ್' ಅನ್ನುತ್ತೆ. 470ಕೆ ಅಡ್ಡ ನಿಂತ್ರೆ ಚಾರ್ಜ್ ತುಂಬೋದೇ ಕಮ್ಮಿ. ಬೇಸ್ ಇನ್ನೂ ಕೆಸರಾಗಿದ್ರೆ 0.022 ತೆಗೆದು 0.0047 ಹಾಕಿ.

ಮಲ್ನಾಡ್ ಮೈಕ್ರೋ
470ಕೆ ಸರಣಿಗೆ ಹಾಕಿದ್ರೆ ಮಿಲ್ಲರ್ ಕೆಪಾಸಿಟೆನ್ಸ್ (ಟ್ಯೂಬಿನೊಳಗಿನ ಕೆಪಾಸಿಟೆನ್ಸ್ ಗೇನಿನಿಂದ ದೊಡ್ಡದಾಗಿ ಕಾಣೋದು) ಜೊತೆ ಸೇರಿ ಟ್ರೆಬಲ್ ಸಾಯುತ್ತೆ. ಅದರ ಮೇಲೆ 470 ಪಿಎಫ್ ಹಾಕಲೇಬೇಕು. ಇದು ಗೊತ್ತಿಲ್ದೆ ಸಲಹೆ ಕೊಡಬೇಡಿ.

ಬೆಸುಗೆ ಬಸವ
ಎಲ್ಲಾ ಕಡೆ ಅಲ್ಲ ಸಾರ್. ಮಿಲ್ಲರ್ ಅಂದ್ರೆ ಗ್ರಿಡ್–ಪ್ಲೇಟ್ ನಡುವಿನ 1.6 ಪಿಎಫ್ ಇಂಟು ಗೇನ್ ಪ್ಲಸ್ ಒಂದು. ಮುಂದಿನ ಹಂತಕ್ಕೆ 10ಕೆ ಬೈಪಾಸಿಲ್ಲದ ಕ್ಯಾಥೋಡ್, ಅದರ ಗೇನ್ ಎಂಟೂವರೆ ಅಷ್ಟೇ. ತಂತಿಯದ್ದು ಸೇರಿಸಿದ್ರೂ 25 ಪಿಎಫ್. 470ಕೆ/100ಕೆ ಗ್ರಿಡ್ಡಿಗೆ ಕಾಣೋದು 85ಕೆ ಆಸುಪಾಸು. ಟ್ರೆಬಲ್ ಕಡಿತ ಬರೋದು 70 ಕಿಲೋಹರ್ಟ್ಸ್‌ಗೆ. ಬಾವಲಿಗೆ ಮಾತ್ರ ಗೊತ್ತಾದೀತು.

470 ಪಿಎಫ್ ಹಾಕಿದ್ರೆ ಇಳಿಸಿದ ಗೇನನ್ನ ಟ್ರೆಬಲಿನಲ್ಲಿ ವಾಪಸ್ ಕೊಟ್ಟ ಹಾಗೆ. ಕಿರಿಕಿರಿ ಮತ್ತೆ ಶುರು.

ಮಲ್ನಾಡ್ ಮೈಕ್ರೋ
10ಕೆ ಲೆಕ್ಕಕ್ಕೆ ತಗೊಂಡಿರಲಿಲ್ಲ. ಒಪ್ಪಿದೆ. ಆದರೆ ನಾಲ್ಕನೇ ಹಂತಕ್ಕೆ ಮೊದಲಿನ 470ಕೆ ಮೇಲೆ ಆ 470 ಪಿಎಫ್ ಇದ್ರೆ ಕೀಳಬೇಡಿ, ಅಲ್ಲಿ ಗೇನ್ 40, ಅಲ್ಲಿ ಬೇಕು.

ಹಾಸನ ಹಮ್‌ಬಕರ್
10ಕೆ ಇರೋದನ್ನ 39ಕೆ ಮಾಡಿದ್ರೆ? ಸೋಲ್ಡಾನೋ ಎಸ್‌ಎಲ್‌ಓ ಅನ್ನೋ ಹೈಗೇನ್ ಆಂಪಿನಲ್ಲಿ 39ಕೆ ಇದೆ. ಗೇನ್ ಎರಡೂವರೆಗೆ ಇಳಿಯುತ್ತೆ.

ಹೇಮಾವತಿ ಹರ್ಟ್ಸ್
ಗೇನ್ ಇಳಿಯುತ್ತೆ, ಕ್ಲೀನ್ ಆಗಲ್ಲ. ಗೇನ್ ಬೇರೆ, ಹೆಡ್‌ರೂಮ್ (ಸದ್ದು ಒಡೆಯೋ ಮುಂಚೆ ಇರೋ ಜಾಗ) ಬೇರೆ. ಕ್ಯಾಥೋಡ್ ರೆಸಿಸ್ಟರ್ ದೊಡ್ಡದಾದಷ್ಟೂ ಟ್ಯೂಬ್ ಕಟ್‌ಆಫ್ (ಕರೆಂಟ್ ಹರಿಯೋದು ನಿಲ್ಲೋ) ಅಂಚಿಗೆ ಬಂದು ಕೂರುತ್ತೆ. ಒಂದು ಕಡೆಯ ಅಲೆ ಬೇಗ ಕತ್ತರಿಸಿ ಹೋಗುತ್ತೆ. 'ಕೋಲ್ಡ್ ಕ್ಲಿಪ್ಪರ್' ಅನ್ನೋದು ಅದಕ್ಕೇ. ಹೈಗೇನ್ ಆಂಪಿನ ಕರಕರ ಹುಟ್ಟೋ ಜಾಗವೇ ಅದು.

ಪೂರ್ತಿ ಕ್ಲೀನ್ ಬೇಕಿದ್ರೆ ಉಲ್ಟಾ ಹೋಗಬೇಕು. 10ಕೆಯನ್ನ 2.7ಕೆ ಮಾಡಿ, ಗೇನ್ 23ಕ್ಕೆ ಏರುತ್ತೆ, ಆ ಏರಿದ್ದನ್ನ ಮುಂಚೆಯೇ ಡಿವೈಡರಿನಲ್ಲಿ ಇಳಿಸಿ. ಆದರೆ ಇವರಿಗೆ ಲೀಡಿಗೆ ಕಡಿಯೋ ಸದ್ದೂ ಬೇಕಂತೆ. 10ಕೆ ಮುಟ್ಟಬೇಡಿ ಅನ್ನೋದು ನನ್ನ ಮಾತು.

ಬೇಲೂರು ಬಾಸು
ಇಷ್ಟೆಲ್ಲಾ ಯಾಕೆ? ಎರಡನೇ ಹಂತವನ್ನೇ ದಾಟಿಸಿ. ಗೇನ್ ಪಾಟಿನ ಮಧ್ಯದ ಕಾಲಿಂದ ಸೀದಾ ಮೂರನೇ ಗ್ರಿಡ್ಡಿಗೆ. 2203 ಆಯ್ತು.

ಬೆಸುಗೆ ಬಸವ
ಖಂಡಿತ ಆಗುತ್ತೆ, ಬಿಟ್ಟ ಹಂತದ ಗ್ರಿಡ್ ನೆಲಕ್ಕೆ ಕಟ್ಟಬೇಕು ಅಷ್ಟೇ. 1981ರ ಜೆಸಿಎಂ800 2203ರಲ್ಲಿ ಲೋ ಇನ್‌ಪುಟ್ ಮಾಡೋದೂ ಇಂಥದ್ದೇ, ಮೊದಲ ಹಂತ ಬಿಟ್ಟು ಮುಂದಕ್ಕೆ ಹೋಗುತ್ತೆ. ಆದರೆ ಇವರಿಗೆ ಎರಡೂ ಸದ್ದು ಬೇಕಲ್ಲ. ಡಿವೈಡರ್ ಇಟ್ಟು, ಬೈಪಾಸ್ ಕೆಪಾಸಿಟರಿಗೆ ಮುಂದೆ ಒಂದು ಸ್ವಿಚ್ ಕೊಟ್ರೆ ಲೀಡಿಗೆ 6 ಡಿಬಿ ವಾಪಸ್ ಸಿಗುತ್ತೆ. ಸ್ವಿಚ್ಚಿಗೆ ಅಡ್ಡಲಾಗಿ 1ಎಂ ಹಾಕಿ, ಕೆಪಾಸಿಟರ್ ಚಾರ್ಜಲ್ಲೇ ಇರುತ್ತೆ, ಒತ್ತಿದಾಗ 'ಟಪ್' ಅನ್ನಲ್ಲ.

ಓಮ್ ನಮೋ
ಬೈಪಾಸ್ ಎತ್ತಿದ ಮೇಲೆ 50 ಹರ್ಟ್ಸ್ ಹಮ್ ಏರಿದ್ರೆ ಗಾಬರಿ ಬೇಡ. ಹೀಟರಿಂದ ಕ್ಯಾಥೋಡಿಗೆ ಸೋರೋದನ್ನ ಆ ಕೆಪಾಸಿಟರ್ ನುಂಗ್ತಿತ್ತು. ಟ್ಯೂಬ್ ಬದಲಾಯಿಸಿ ನೋಡಿ, ಇಲ್ಲಾ ಹೀಟರ್ ಲೈನನ್ನ 40ರಿಂದ 60 ವೋಲ್ಟ್ ಡಿಸಿ ಮೇಲೆ ಎತ್ತಿ.

ಹೇಮಾವತಿ ಹರ್ಟ್ಸ್
ಬೆಸುಗೆಗೆ ಮೊದಲು ಇದನ್ನ ಎರಡು ಸಲ ಓದಿ. ಈ ಹೆಡ್ಡಿನಲ್ಲಿ 400 ವೋಲ್ಟಿಗೂ ಮೇಲೆ ಎಚ್‌ಟಿ (ಟ್ಯೂಬಿನ ಪ್ಲೇಟಿಗೆ ಕೊಡೋ ಹೈವೋಲ್ಟೇಜ್) ಇರುತ್ತೆ. ಸ್ವಿಚ್ ಆಫ್ ಸಾಲದು, ಪ್ಲಗ್ ಕೀಳಿ. 10ಕೆ 5 ವ್ಯಾಟ್ ರೆಸಿಸ್ಟರಿಗೆ ಎರಡು ಕಡೆ ಇನ್ಸುಲೇಟೆಡ್ ಕ್ಲಿಪ್ ಕಟ್ಟಿ, ಒಂದು ಚಾಸಿಗೆ, ಇನ್ನೊಂದು ಫಿಲ್ಟರ್ ಕೆಪಾಸಿಟರಿನ ಪ್ಲಸ್ಸಿಗೆ. 100 ಮೈಕ್ರೋಫ್ಯಾರಡಿಗೆ ಐದಾರು ಸೆಕೆಂಡ್ ಸಾಕು, ಆದರೂ ಪ್ರತಿ ಕೆಪಾಸಿಟರಿಗೂ ಮೀಟರ್ ಇಟ್ಟು ನೋಡಿ. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡೋ ಶೌರ್ಯ ಬೇಡ. ಸ್ಪೀಕರ್ ಸಿಕ್ಕಿಸದೆ ಆನ್ ಮಾಡಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಆನ್ ಇರುವಾಗ ತಂತಿ ಸರಿಸಿ ನೋಡಬೇಕಿದ್ರೆ ಒಣ ಬಿದಿರು ಕಡ್ಡಿ. ಪೆನ್ಸಿಲ್ ಬೇಡ, ಅದರ ಸೀಸದಲ್ಲಿ ಕರೆಂಟ್ ಹಾಯುತ್ತೆ.

ಮೂಡಿಗೆರೆ ಮೊನೊ
ನಮ್ಮ ಕಡೆ ಈ ಮಳೆಯಲ್ಲಿ ಒಣ ಬಿದಿರು ಎಲ್ಲಿಂದ ತರೋದು ಅಕ್ಕ 😂

ಹಾಂ, ರೆಸಿಸ್ಟರ್ ಕಾಲು ವ್ಯಾಟಿನದ್ದು ತರಬೇಡಿ. ಸಾಮಾನ್ಯವಾಗಿ ಅದಕ್ಕೆ 250 ವೋಲ್ಟ್ ಮಿತಿ. ಅರ್ಧ ವ್ಯಾಟ್ ಮೆಟಲ್ ಫಿಲ್ಮ್ ತಗೊಳ್ಳಿ, ಕಪ್ಲಿಂಗಿಗೆ 630 ವೋಲ್ಟ್ ಪಾಲಿಯೆಸ್ಟರ್. ಎರಡೂ ಹಳೇ ಟಿವಿ ರಿಪೇರಿ ಅಂಗಡೀಲಿ ಸಿಗುತ್ತೆ. 1ಎಂ ಲಾಗ್ ಪಾಟ್ ಮಾತ್ರ ಬೆಂಗಳೂರಿನ ಎಸ್‌ಪಿ ರೋಡೇ ಗತಿ.

ಬೇಲೂರು ಬಾಸು
ಟ್ಯೂಬ್ ಅಂದ್ರೆ ನೆನಪಾಯ್ತು, ಹಳೇ ವಾಲ್ವ್ ರೇಡಿಯೋಗಳಲ್ಲಿ ಬಿಇಎಲ್ ಅಂತ ಬರೆದಿರೋವು ಇರ್ತವಲ್ಲ, ಅವು ಇದಕ್ಕೆ ಆಗ್ತವಾ?

ಓಮ್ ನಮೋ
ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ಮಾಡ್ತಿತ್ತು. ಇಸಿಸಿ83 ಅಂತ ಇದ್ರೆ ಅದೇ 12ಎಎಕ್ಸ್7, ಕಣ್ಮುಚ್ಚಿ ಹಾಕಿ. ಇಸಿಸಿ82 ಅಂದ್ರೆ 12ಎಯು7, ಇಸಿಸಿ81 ಅಂದ್ರೆ 12ಎಟಿ7. ರಷ್ಯಾದ 6ಎನ್2ಪಿ ಮಾತ್ರ ಹಾಕಬೇಡಿ, ಹೀಟರ್ ಪಿನ್ ಬೇರೆ.

ಮೂಡಿಗೆರೆ ಮೊನೊ
ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಓಡಿಸಬಹುದಾ ಇದನ್ನ? ಹಬ್ಬದ ದಿನ ಕೆಇಬಿಯವರನ್ನ ನಂಬೋ ಹಾಗಿಲ್ಲ.

ಓಮ್ ನಮೋ
ಸೈನ್ ವೇವ್ ಇನ್ವರ್ಟರ್ ಆದ್ರೆ ಸರಿ. ಸ್ಕ್ವೇರ್ ವೇವ್ ಬೇಡ. ಮೇನ್ಸಿನ 230 ವೋಲ್ಟಿಗೆ ಶಿಖರ 325, ಸ್ಕ್ವೇರ್ ವೇವಿಗೆ 230ಕ್ಕೇ ಶಿಖರ. ಹೀಟರ್ ಸರಿ ಉರಿಯುತ್ತೆ, ಎಚ್‌ಟಿ ಮಾತ್ರ ಶೇ 30ರಷ್ಟು ಬೀಳುತ್ತೆ. ಹೆಡ್‌ರೂಮ್ ಕುಸಿದು ಕ್ಲೀನ್ ಇನ್ನೂ ಬೇಗ ಒಡೆಯುತ್ತೆ, ಜೊತೆಗೆ ಗುಂಯ್ ಅನ್ನೋ ಸದ್ದು ಉಚಿತ.

ರತ್ನಗಿರಿ ರಿಫ್
ಆಯ್ತು, ಮಾಡಿದ್ದು ಇಷ್ಟು. ಗೇನ್ ಪಾಟಿಗೆ 150ಕೆ. ಬ್ರೈಟ್ 1000 ತೆಗೆದು 100 ಪಿಎಫ್. ಎರಡನೇ ಹಂತದ ಬೈಪಾಸಿಗೆ ಸ್ವಿಚ್. ಡಿವೈಡರಿಗೆ 470ಕೆ ಮತ್ತು 250ಕೆ ಪಾಟ್; ಒಪ್ಪಿದಲ್ಲಿ ನಿಲ್ಲಿಸಿ ಅಳೆದ್ರೆ 62ಕೆ, 68ಕೆ ಹಾಕಿದ್ದೀನಿ. ಕಪ್ಲಿಂಗ್ 0.0047.

ಈಗ 4ರ ತನಕ ಕ್ಲೀನ್. 6ರಲ್ಲಿ ಗಿಟಾರ್ ವಾಲ್ಯೂಮ್ ಇಳಿಸಿದ್ರೆ ತಿಳಿಯಾಗುತ್ತೆ. ಸ್ವಿಚ್ ಹಾಕಿ 7ಕ್ಕೆ ಬಂದ್ರೆ ಲೀಡ್ ಸಾಕಷ್ಟಿದೆ. ಬುಸ್ ಅರ್ಧಕ್ಕರ್ಧ ಇಳಿದಿದೆ.

ಆದರೆ 9ರ ಮೇಲೆ ಶಿಳ್ಳೆ ಇನ್ನೂ ಇದೆ, ಗಿಟಾರ್ ಕಿತ್ತರೂ.

ಬೆಸುಗೆ ಬಸವ
68ಕೆ ಅಂದ್ರೆ 18 ಡಿಬಿ, ಬೈಪಾಸಿನ 6 ಸೇರಿ 24. ಹಮ್‌ಬಕರ್ ಅವರ 12ಎಯು7 ಲೆಕ್ಕಕ್ಕೇ ಬಂದು ನಿಂತ್ರಿ!

ಗಿಟಾರ್ ಇಲ್ದೆ ಶಿಳ್ಳೆ ಅಂದ್ರೆ ಒಳಗೇ ಆಸಿಲೇಷನ್. ಒಂದೊಂದು ಹಂತ ಫೇಸ್ ಉಲ್ಟಾ ಮಾಡುತ್ತೆ, ಹಾಗಾಗಿ ಎರಡನೇ ಹಂತದ ಪ್ಲೇಟ್ ಮತ್ತೆ ಇನ್‌ಪುಟ್ ಜೊತೆ ಒಂದೇ ಫೇಸಿಗೆ ಬರುತ್ತೆ. ಆ ಪ್ಲೇಟಿನ ತಂತಿ ಇನ್‌ಪುಟ್ ತಂತಿ ಪಕ್ಕ ಹೋಗ್ತಿದ್ರೆ ಶಿಳ್ಳೆ ಗ್ಯಾರಂಟಿ. ಬಿದಿರು ಕಡ್ಡಿಯಲ್ಲಿ ಸರಿಸಿ, ಸದ್ದು ಬದಲಾಗುತ್ತಾ ನೋಡಿ. ಜ್ಯಾಕಿಂದ ಗ್ರಿಡ್ ತನಕ ಶೀಲ್ಡ್ ತಂತಿ, ಶೀಲ್ಡಿನ ಒಂದೇ ತುದಿ ನೆಲಕ್ಕೆ. 68ಕೆ ಗ್ರಿಡ್ ಸ್ಟಾಪರ್ ಜ್ಯಾಕಿನ ಹತ್ತಿರ ಇದ್ರೆ ಬಿಚ್ಚಿ ಸಾಕೆಟ್ಟಿನ ಪಿನ್ನಿಗೇ ಅಂಟಿಸಿ.

ರತ್ನಗಿರಿ ರಿಫ್
ಎರಡೂ ತಂತಿ ಜಡೆ ಹೆಣೆದ ಹಾಗೆ ಒಂದೇ ಟೈನಲ್ಲಿ ಕಟ್ಟಿದ್ದಾರೆ ಸಾರ್. ಮೂರು ಇಂಚು ಉದ್ದಕ್ಕೆ.

ಬೆಸುಗೆ ಬಸವ
ನೀಟಾಗಿ ಕಾಣ್ಲಿ ಅಂತ ಕಟ್ಟಿರ್ತಾರೆ. ಮೊದಲು ಆ ಟೈ ಕತ್ತರಿಸಿ, ಆಮೇಲೆ ಮಾತಾಡೋಣ.

ರತ್ನಗಿರಿ ರಿಫ್
ಕತ್ತರಿಸಿದೆ. 10ರಲ್ಲೂ ಶಿಳ್ಳೆ ಇಲ್ಲ. ಶೀಲ್ಡ್ ತಂತಿ ಭಾನುವಾರ ಎಳೀತೀನಿ.